ಸಣ್ಣ ಗುಂಡಿನ ನಳಿಗೆ

ಇಲೊಯಿಲೊ ಪಟ್ಟಣದ ಲಾ ಪಾಸ್ ಮಾರುಕಟ್ಟೆಯಲ್ಲಿ ಹಂದಿಮಾಂಸ ಮಾರುತ್ತಿದ್ದ ಇಲ್ಯುಮಿನಾಡಾ ಪಾನಿಸಾಲೆಸ್‌ಳನ್ನು ಅಷ್ಟುದ್ದ ಹೆಸರಿನಿಂದ ಕರೆಯುತ್ತಿದ್ದವರು ಪಾದ್ರಿಯೊಬ್ಬರೇ. ಮಿಕ್ಕವರಿಗೆಲ್ಲ ಅವಳು ಮನಾಂಗ್ ಮಿನಾ, ಅಂದರೆ ಮಿನಕ್ಕ. ಮೂಳೆ ಕಡಿಯುವ ಮಚ್ಚನ್ನು ಅವಳು ಎತ್ತಿ ಇಳಿಸುವ ವೈಖರಿ ನೋಡಿಯೇ ಜನ ಚೌಕಾಸಿ ಬಿಡುತ್ತಿದ್ದರು. ಭಾನುವಾರ ಪೂಜೆ ಮುಗಿದ ಮೇಲೆ ಅದೇ ಕೈಗೆ ಪಿಸ್ತೂಲು ಬರುತ್ತಿತ್ತು. ಊರಾಚೆಯ ಮೈದಾನದಲ್ಲಿ ತಡಿಕೆಗಳ ಸಂದಿನಲ್ಲಿ ಓಡುತ್ತ, ರಟ್ಟಿನ ಗುರಿಗಳಿಗೆ ಎರಡೆರಡು ಗುಂಡು ಇಡುವ ಸ್ಪರ್ಧೆ ಅದು. ಹೆಂಗಸರ ಪೈಕಿ ಅವಳನ್ನು ಮೀರಿಸಿದವರಿರಲಿಲ್ಲ. ಶಾಲಾ ಶಿಕ್ಷಕಿ ಜೊಸೆಟ್ ಪ್ರತಿ ವರ್ಷವೂ ಎರಡನೆಯವಳಾಗಿ ನಿಂತು, ಪ್ರತಿ ವರ್ಷವೂ ಅದೇ ಮಾತು ಆಡುತ್ತಿದ್ದಳು:

"ಹಂದಿ ಕೊಚ್ಚೋ ಕೈ ಜೊತೆ ಸೀಮೆಸುಣ್ಣ ಹಿಡಿಯೋ ಕೈ ಎಲ್ಲಿ ಗೆಲ್ಲತ್ತೆ ಮನಾಂಗ್?"

"ಹಾಗಾದ್ರೆ ನಾಳೆಯಿಂದ ಅಂಗಡಿಗೆ ಬಾ. ಕರುಳು ತೊಳೆಯೋಕೆ ಹಚ್ತೀನಿ."

ಐವತ್ತೆರಡು ದಾಟಿದ ಮೇಲೆ ಮಿನಾಳ ಬಲಗೈ ಏಕೋ ಸೋಲತೊಡಗಿತು. ಮಚ್ಚು ಎರಡು ಸಲ ಜಾರಿತು. ಪಿಸ್ತೂಲು ಒದ್ದಾಗ ಮುಂಗೈ ಮೇಲಕ್ಕೆ ಚಿಮ್ಮುತ್ತಿತ್ತು. ಎರಡನೆಯ ಗುಂಡು ಗುರಿಯ ಭುಜದ ಹತ್ತಿರ ಹೋಗಿ ಬೀಳುತ್ತಿತ್ತು. ಇಷ್ಟು ವರ್ಷ ಮೂಳೆ ಕಡಿದ ಕೈ, ಸವೆದಿರಬೇಕು ಎಂದುಕೊಂಡಳು. ಗಂಡ ದೊಮಿಂಗ್ ಎಣ್ಣೆ ಬಿಸಿಮಾಡಿ ತಿಕ್ಕಿದ. ಎಣ್ಣೆಯ ವಾಸನೆ ಉಳಿಯಿತೇ ಹೊರತು ಬಲ ಬರಲಿಲ್ಲ.

ಪಿಸ್ತೂಲು ರಿಪೇರಿಯ ತೆರ್ಸೊನ ಬಳಿಗೆ ಹೋದಳು. ಅವನನ್ನು ಅವಳು ಮನೊಂಗ್, ಅಂದರೆ ಅಣ್ಣ, ಎನ್ನುತ್ತಿದ್ದಳು. ಅವಳ ಪಿಸ್ತೂಲಿನದು ದಪ್ಪ ಗುಂಡು, ಒದೆತವೂ ದೊಡ್ಡದು. ತೆರ್ಸೊ ಕಪಾಟಿನಿಂದ ಹೊಸ ನಳಿಗೆಯೊಂದನ್ನು ತೆಗೆದು ಅವಳ ಅಂಗೈಯಲ್ಲಿಟ್ಟ. ಹೊರಗಿನಿಂದ ಹಳೆಯ ನಳಿಗೆಯಷ್ಟೇ ದಪ್ಪ, ಒಳಗಿನ ತೂತು ಮಾತ್ರ ಸಣ್ಣದು.

"ಪಿಸ್ತೂಲು ನಿನ್ನದೇ, ಹಿಡಿನೂ ನಿನ್ನದೇ. ಗುಂಡು ಮಾತ್ರ ಸಣ್ಣದು, ಒದೆಯೋದೂ ಕಡಿಮೆ," ಎಂದ ತೆರ್ಸೊ. "ಆದ್ರೆ ಒಂದು ತಿಳ್ಕೊ. ನಿಮ್ಮ ಆಟದಲ್ಲಿ ಸಣ್ಣ ಗುಂಡಿಗೆ ಮರ್ಯಾದೆ ಕಮ್ಮಿ. ನಡುಮಧ್ಯ ಬಿದ್ರೆ ಪೂರ್ತಿ ಅಂಕ. ಸ್ವಲ್ಪ ಆಚೆ ಹೋಯ್ತೋ, ದಪ್ಪ ಗುಂಡಿನವರಿಗಿಂತ ಜಾಸ್ತಿನೇ ಅಂಕ ಕೊಯ್ತಾರೆ."

"ಆಚೆ ಯಾಕೆ ಹೋಗತ್ತೆ ಮನೊಂಗ್? ನಡುಮಧ್ಯನೇ ಹೊಡೀತೀನಿ."

ಮೊದಲ ಭಾನುವಾರ ಹೊಡೆದಳು ಕೂಡ. ಗುಂಡುಗಳು ಒಂದರ ಮಗ್ಗುಲಲ್ಲೊಂದು ಕೂತವು. ಆ ಸಂಜೆ ಜೊಸೆಟ್‌ಳನ್ನು ಎಳೆದುಕೊಂಡು ಹೋಗಿ ಬಚೊಯ್ ಎಂಬ ಹಂದಿಮಾಂಸದ ಸಾರು ಕುಡಿಸಿದಳು. ತಾನೂ ಎರಡು ಬಟ್ಟಲು ಸಾರು ಬರಿದು ಮಾಡಿದಳು.

ಮುಂದಿನ ವಾರಗಳಲ್ಲಿ ಪಿಸ್ತೂಲು ಕಚ್ಚಿಕೊಳ್ಳತೊಡಗಿತು. ಗುಂಡು ಹಾರಿದ ಮೇಲೆ ಖಾಲಿ ತೋಟೆ ಹೊರಗೆ ಸಿಡಿಯದೆ, ಬಾಗಿಲ ಸಂದಿಗೆ ಸಿಕ್ಕ ಬೆರಳಿನ ಹಾಗೆ ಅರ್ಧದಲ್ಲೇ ನಿಲ್ಲುತ್ತಿತ್ತು. ತೆರ್ಸೊ ಅದನ್ನೆಳೆಯುವ ಕೊಕ್ಕೆ ಬದಲಾಯಿಸಿದ. ಸ್ಪ್ರಿಂಗನ್ನು ಇನ್ನೂ ಮೆತ್ತಗಿನದು ಹಾಕಿದ. ನಳಿಗೆಯ ಬಾಯನ್ನು ಉಜ್ಜಿ ನುಣುಪು ಮಾಡಿದ.

"ಹೊಸ ಸೊಸೆ ಥರ, ಮನೆಗೆ ಹೊಂದ್ಕೊಳ್ಳೋಕೆ ಟೈಮ್ ಬೇಕು," ಎಂದು ನಗಿಸಲು ನೋಡಿದ.

"ಇವಳು ಒಲೆ ಹಚ್ಚೋಕೂ ಒಲ್ಲೆ ಅಂತಾಳಲ್ಲ," ಎಂದಳು ಮಿನಾ. ಅವಳಿಗೆ ನಗು ಬಂದಿರಲಿಲ್ಲ.

ಪ್ರಾಂತ್ಯದ ಸ್ಪರ್ಧೆಯಲ್ಲಿ ಮೊದಲ ಸುತ್ತಿಗೇ ಕಚ್ಚಿತು. ಮೂರನೆಯ ಸುತ್ತಿನಲ್ಲಿ ಮತ್ತೆ. ಸಿಕ್ಕ ತೋಟೆಯನ್ನು ಕಿತ್ತೆಸೆಯಲು ಎಡಗೈಯಿಂದ ಮೇಲುಭಾಗ ಹಿಂದಕ್ಕೆಳೆಯಬೇಕಲ್ಲ, ಅಷ್ಟರಲ್ಲಿ ಗಡಿಯಾರ ಅವಳನ್ನು ತಿಂದುಹಾಕಿತ್ತು. ಆ ವರ್ಷ ಜೊಸೆಟ್ ಗೆದ್ದಳು, ಮೊದಲ ಸಲ.

ಎಲ್ಲ ಮುಗಿದ ಮೇಲೆ ಮಿನಾ ತೆರ್ಸೊನನ್ನು ತಡೆದು ನಿಲ್ಲಿಸಿದಳು. "ನಿನ್ನ ನಳಿಗೆ ಕೆಟ್ಟದು ಮನೊಂಗ್. ನನ್ನ ಮರ್ಯಾದೆ ತೆಗೀತು."

ತೆರ್ಸೊ ಪಿಸ್ತೂಲನ್ನು ಅವಳ ಕೈಯಿಂದ ತೆಗೆದುಕೊಂಡ. ಜೊಸೆಟ್‌ಳನ್ನು ಕರೆದು, "ಇದನ್ನ ನೀನು ಹೊಡಿಯಮ್ಮ," ಎಂದ.

ಜೊಸೆಟ್ ಒಂದು ಮ್ಯಾಗಝೀನು ಖಾಲಿ ಮಾಡಿದಳು. ಇನ್ನೊಂದನ್ನೂ ಖಾಲಿ ಮಾಡಿದಳು. ಒಂದೇ ಒಂದು ತೋಟೆ ಸಿಕ್ಕಿಕೊಳ್ಳಲಿಲ್ಲ. ಕೊನೆಯ ಗುಂಡಿನ ಹೊತ್ತಿಗೆ ಅವಳೇ, ಒಂದಾದರೂ ಕಚ್ಚಲಿ ದೇವರೇ ಎಂದು ಬೇಡಿಕೊಳ್ಳುತ್ತಿದ್ದಳಂತೆ.

"ಪಿಸ್ತೂಲು ಒದ್ದಾಗ ಕೈ ಗಟ್ಟಿಯಾಗಿ ತಡ್ಕೋಬೇಕು," ಎಂದ ತೆರ್ಸೊ, ನೆಲ ನೋಡುತ್ತ. "ಕೈಯೇ ಜೊತೆಗೆ ಹಿಂದಕ್ಕೆ ಹೋದ್ರೆ ಮೇಲ್ಭಾಗ ಪೂರ್ತಿ ತೆರೆಯಲ್ಲ, ತೋಟೆ ಸಿಕ್ಕೊಳ್ಳತ್ತೆ. ನಂಗೆ ಎರಡು ವಾರದಿಂದ ಗುಮಾನಿ ಇತ್ತು. ಹೇಳೋಕೆ ಬಾಯಿ ಬರಲಿಲ್ಲ, ಮನಾಂಗ್. ಡಾಕ್ಟರಿಗೆ ತೋರಿಸು."

ಮಿನಾ ಪಿಸ್ತೂಲನ್ನು ಬರಿದು ಮಾಡಿ ಚೀಲಕ್ಕೆ ಹಾಕಿದಳು. ಚೀಲದ ಜಿಪ್ ಎಳೆಯಲು ಅವಳ ಬೆರಳುಗಳಿಗೆ ಆಗಲಿಲ್ಲ. ಜೊಸೆಟ್ ಎಳೆದುಕೊಟ್ಟಳು.

ಡಾಕ್ಟರು ಕೈಗೆ, ಕಾಲಿಗೆ, ನಾಲಿಗೆಗೂ ಸೂಜಿ ಚುಚ್ಚಿ ನೋಡಿದರು. ಸ್ನಾಯುಗಳನ್ನು ಆಡಿಸುವ ನರಗಳು ಒಂದೊಂದಾಗಿ ಸಾಯುತ್ತಿವೆ. ಇದು ಕೈಯಲ್ಲೇ ನಿಲ್ಲುವುದಿಲ್ಲ ಎಂದರು. ವಾಸಿಯಾಗುವ ಔಷಧಿ ಇದೆಯೇ ಎಂದು ದೊಮಿಂಗ್ ಕೇಳಿದ. ಮನಿಲಾದಲ್ಲಿ, ಅಮೆರಿಕದಲ್ಲಿ, ಎಲ್ಲಾದರೂ? ಇಲ್ಲ ಎಂದರು. ಅವನು ಅದನ್ನೇ ಇನ್ನೊಂದು ಬಗೆಯಲ್ಲಿ ಕೇಳಿದ. ಮಿನಾ ಅವನ ತೋಳು ಹಿಡಿದು ಎಬ್ಬಿಸಿಕೊಂಡು ಬಂದಳು.

ಅವಳು ಅಲ್ಲಿಗೂ ಬಿಡಲಿಲ್ಲ. ತೆರ್ಸೊನಿಂದ ಇನ್ನೂ ಸಣ್ಣ ಗುಂಡಿನ ನಳಿಗೆ ಹಾಕಿಸಿದಳು, ಅದಕ್ಕೆ ಒಗ್ಗುವ ಹಗುರ ಮೇಲುಭಾಗವನ್ನೂ. ಆ ಗುಂಡು ಹಾರಿದರೆ ಕೈ ಅಲುಗುತ್ತಲೂ ಇರಲಿಲ್ಲ. ಹುಡುಗರು ಡಬ್ಬಿಗೆ ಹೊಡೆದು ಕಲಿಯುವಂಥದ್ದು. ಮೈದಾನದ ಮೂಲೆಯ ಅಂಕಣದಲ್ಲಿ ಕುರ್ಚಿ ಹಾಕಿಸಿಕೊಂಡು, ಎರಡೂ ಕೈಯಲ್ಲಿ ಹಿಡಿದು ಹೊಡೆಯುತ್ತಿದ್ದಳು. ಓಡುತ್ತ ಹೋಗುವವರು ಅವಳ ಕಡೆ ನೋಡದಂತೆ ಹೋಗುತ್ತಿದ್ದರು. ಹಾಗೆ ಕೆಲವು ತಿಂಗಳು ನಡೆಯಿತು. ಒಂದು ದಿನ ಪಿಸ್ತೂಲಿನ ಕುದುರೆಯನ್ನು ಒತ್ತಿದಳು, ಒತ್ತಿದಳು, ಬೆರಳು ಬಾಗಲಿಲ್ಲ. ಎಡಗೈ ಬೆರಳಿನಿಂದ ಒತ್ತಲು ಹೋದಾಗ ನಳಿಗೆ ಪಕ್ಕಕ್ಕೆ ತಿರುಗಿತು. ಮೈದಾನದ ಅಧಿಕಾರಿ ಓಡಿಬಂದು ಅವಳ ಮಣಿಕಟ್ಟು ಹಿಡಿದ.

"ಸಾಕು ಮನಾಂಗ್," ಎಂದ ಮೆಲ್ಲಗೆ.

"ಹೂಂ, ಸಾಕು," ಎಂದಳು.

ಮಾಂಸದ ಅಂಗಡಿಯಲ್ಲಿ ದೊಮಿಂಗ್ ಕೂತ. ಅವನಿಗೆ ಮೂಳೆ ಕಡಿಯಲು ಬರುತ್ತಿರಲಿಲ್ಲ. ಹಳೆಯ ಗಿರಾಕಿಗಳು ಒಬ್ಬೊಬ್ಬರಾಗಿ ಆಚೆ ಸಾಲಿಗೆ ಹೋದರು. ಮಿನಾಳ ಕಾಲು ಹೋಯಿತು, ಆಮೇಲೆ ಮಾತು ತೊದಲಿತು, ಆಮೇಲೆ ಅದೂ ನಿಂತಿತು. ಜೊಸೆಟ್ ಭಾನುವಾರ ಬಂದು ಗಂಜಿ ಕುಡಿಸುತ್ತ, ಯಾರು ಗೆದ್ದರು, ಯಾರು ಎಡವಿಬಿದ್ದರು ಎಂದು ಹೇಳುತ್ತಿದ್ದಳು. ಮೊದಮೊದಲು ಮಿನಾಳ ಕಣ್ಣು ಹೊಳೆಯುತ್ತಿತ್ತು. ಒಂದು ಭಾನುವಾರ ಜೊಸೆಟ್ ಶುರುಮಾಡುತ್ತಿದ್ದಂತೆ ಅವಳು ಕಣ್ಣು ಮುಚ್ಚಿಕೊಂಡಳು. ನಿದ್ದೆ ಬಂದಿರಬೇಕೆಂದು ಜೊಸೆಟ್ ಸುಮ್ಮನಾದಳು. ಚಮಚ ತುಟಿಗೆ ತಾಗಿಸಿದಾಗ ಬಾಯಿ ಮಾತ್ರ ತೆರೆಯಿತು. ಅಂದಿನಿಂದ ಜೊಸೆಟ್ ಸ್ಪರ್ಧೆಯ ಮಾತೆತ್ತಲಿಲ್ಲ. ಗಂಜಿ ಕುಡಿಸಿ, ಗದ್ದ ಒರೆಸಿ, ಬಟ್ಟಲು ತೊಳೆದಿಟ್ಟು ಹೋಗುತ್ತಿದ್ದಳು.