ಎಡಗಡೆಯ ಸಣ್ಣ ಚಕ್ರ

ನಮ್ಮ ದೊಡ್ಡಪ್ಪ ವಾರದಲ್ಲಿ ಆರು ದಿನ ಸೈಕಲ್ ರಿಪೇರಿ ಮಾಡುತ್ತಿದ್ದರು. ಏಳನೆಯ ದಿನ ಅಂಗಡಿಗೆ ರಜೆ. ಅಂದು ವೃದ್ಧಾಶ್ರಮಕ್ಕೆ ಹೋಗಿ ಅಲ್ಲಿನ ಗಾಲಿಕುರ್ಚಿಗಳನ್ನು ಪುಕ್ಕಟೆಯಾಗಿ ರಿಪೇರಿ ಮಾಡುತ್ತಿದ್ದರು. ಹೀಗೆ ಒಂಬತ್ತು ವರ್ಷ. ಕುರ್ಚಿಗಳೆಲ್ಲ ಯಾರೋ ಬಳಸಿ ದಾನ ಕೊಟ್ಟವು. ಒಂದರ ಬ್ರೇಕು ಸರಿಹೋಗುವಷ್ಟರಲ್ಲಿ ಇನ್ನೊಂದರ ಟೈರು ಕಿತ್ತು ಬರುತ್ತಿತ್ತು.

ಅರವತ್ತು ದಾಟಿದ ಮೇಲೆ ಮಂಡಿ ಅವರ ಮಾತು ಕೇಳಲಿಲ್ಲ. ಕುಕ್ಕರುಗಾಲಲ್ಲಿ ಕೂತರೆ ಏಳಲು ಗೋಡೆಯ ಆಸರೆ ಬೇಕಾಗುತ್ತಿತ್ತು.

“ಊರ ಗಾಲಿಗೆಲ್ಲ ಎಣ್ಣೆ ಬಿಡ್ತೀರಿ, ನಿಮ್ಮ ಮಂಡಿಗೆ ಬಿಡೋರು ಯಾರು?” ಎಂದು ದೊಡ್ಡಮ್ಮ ಕೇಳುತ್ತಿದ್ದರು. “ಮನೆ ನಲ್ಲಿ ಮೂರು ತಿಂಗಳಿಂದ ಸೋರ್ತಿದೆ. ಅದೂ ಆಶ್ರಮಕ್ಕೆ ಸೇರ್ಬೇಕೇನೋ!”

ಕೊನೆಗೆ ದೊಡ್ಡಪ್ಪ ಸೋತರು. ಆಶ್ರಮದಲ್ಲಿ ರಿಪೇರಿ ಸಾಮಾನು ಇಡುತ್ತಿದ್ದ ಬೀರುವಿನ ಕೀಲಿಯನ್ನು ಅಲ್ಲಿಗೇ ಒಪ್ಪಿಸಿ, ಈ ಕೆಲಸ ಬಿಟ್ಟುಬಿಡುವುದೆಂದು ತೀರ್ಮಾನಿಸಿದರು. ಅರ್ಧಂಬರ್ಧ ಬಿಟ್ಟುಹೋಗುವ ಜಾಯಮಾನ ಅವರದಲ್ಲ. ಹಾಗಾಗಿ ಹನ್ನೆರಡು ಕುರ್ಚಿಗಳನ್ನೂ ಬಿಚ್ಚಿ, ತೊಳೆದು, ಗ್ರೀಸ್ ಹಾಕಿ ಕೂಡಿಸಿದರು. ಅಂಗಡಿಯಲ್ಲಿ ಸೈಕಲ್ಲನ್ನು ಕೈಬಿಟ್ಟು ಓಡಿಸಿ ನೋಡುವುದು ಅವರ ಪದ್ಧತಿ. ಇಲ್ಲಿಯೂ ಪಡಸಾಲೆಯಲ್ಲಿ ಸುಣ್ಣದ ಕಡ್ಡಿಯಿಂದ ಗೆರೆ ಎಳೆದು, ಒಂದೊಂದೇ ಖಾಲಿ ಕುರ್ಚಿಯನ್ನು ತಳ್ಳಿಬಿಟ್ಟರು. ಹನ್ನೆರಡೂ ಗೆರೆ ತಪ್ಪದೆ ಹೋದವು.

ಮುಂದಿನ ವಾರ ಜೇಬಿನಲ್ಲಿ ಕೀಲಿ ಇಟ್ಟುಕೊಂಡು ಹೋದಾಗ ಟೀಚರಮ್ಮ ಬಾಗಿಲಲ್ಲೇ ಕಾದಿದ್ದರು. ನಿವೃತ್ತ ಶಿಕ್ಷಕಿ; ಲಕ್ವ ಹೊಡೆದು ಬಲಗೈ ಸೋತಿತ್ತು.

“ಏನಪ್ಪಾ, ನನ್ನ ಗಾಡಿಗೆ ಏನು ಮಾಡಿದೆ?”

“ಸರಿ ಮಾಡಿದೆ ಟೀಚರಮ್ಮ. ಈಗ ನೂಲು ಹಿಡಿದ ಹಾಗೆ ಹೋಗುತ್ತೆ.”

“ನೂಲಂತೆ! ಆ ಗೋಡೆ ನೋಡು.”

ಬಲಗಡೆಯ ಗೋಡೆಯ ಬಣ್ಣ ಉದ್ದಕ್ಕೂ ಕೆರೆದುಹೋಗಿತ್ತು. ಟೀಚರಮ್ಮನ ಬಲಗೈ ಗೆಣ್ಣುಗಳೂ ತರಚಿದ್ದವು.

“ಆರು ದಿನ ಆಯ್ತು, ತಂಗಿ ಹತ್ರ ಹೋಗಿಲ್ಲ. ಆಯಾನ ಕರೆದ್ರೆ ‘ಬಂದೆ ಅಜ್ಜಿ’ ಅಂತಾಳೆ, ಬರೋದು ಊಟದ ತಟ್ಟೆ ಜೊತೆಗೇ. ತಂಗಿ ತಲೆ ಯಾರು ಬಾಚ್ತಾರೆ?”

ಹಾಸಿಗೆ ಹಿಡಿದ ತಂಗಿ ಪಡಸಾಲೆಯ ಕೊನೆಯ ಕೋಣೆಯಲ್ಲಿದ್ದರು. ದಿನಾ ಬೆಳಿಗ್ಗೆ ಅಲ್ಲಿಗೆ ಹೋಗಿ ತಂಗಿಯ ತಲೆ ಬಾಚುವುದೊಂದೇ ಟೀಚರಮ್ಮ ಯಾರ ಹಂಗೂ ಇಲ್ಲದೆ ಮಾಡುತ್ತಿದ್ದ ಕೆಲಸ.

“ಎಲ್ಲಿ, ಒಂದ್ಸಲ ತಳ್ಳಿ” ಎಂದರು ದೊಡ್ಡಪ್ಪ. ಎಡಗೈಯೊಂದೇ ತಳ್ಳಿತು, ಕುರ್ಚಿ ಬಲಕ್ಕೆ ತಿರುಗಿ ಗೋಡೆಗೆ ಬಡಿಯಿತು. ಆಗ ನೆನಪಾಯಿತು. ಎಡಗಡೆಯ ಮುಂದಿನ ಸಣ್ಣ ಚಕ್ರಕ್ಕೆ ಕೂದಲು, ದಾರ ಸುತ್ತಿಕೊಂಡು, ತುಕ್ಕು ಹಿಡಿದು, ಚಕ್ರ ಸರಿಯಾಗಿ ಉರುಳುತ್ತಲೇ ಇರಲಿಲ್ಲ. ಆ ಬಿಗಿ ಕುರ್ಚಿಯನ್ನು ಎಡಕ್ಕೆ ಎಳೆಯುತ್ತಿತ್ತು, ಒಂಟಿ ಕೈ ಬಲಕ್ಕೆ ತಿರುಗಿಸುತ್ತಿತ್ತು. ಎರಡು ಕೊರತೆ ಸೇರಿ ಟೀಚರಮ್ಮ ನೇರ ಹೋಗುತ್ತಿದ್ದರು. ಅದರಲ್ಲಿ ಒಂದನ್ನು ದೊಡ್ಡಪ್ಪ ಸರಿ ಮಾಡಿಬಿಟ್ಟಿದ್ದರು.

ದೊಡ್ಡಪ್ಪ ಆ ಚಕ್ರದ ಪಕ್ಕದಲ್ಲಿ ನೆಲದ ಮೇಲೆ ಕೂತರು.

“ಖಾಲಿ ಕುರ್ಚಿ ಓಡಿಸಿ ನೋಡಿದೆ, ಟೀಚರಮ್ಮ. ಕೂರೋರನ್ನ ಕೇಳಲಿಲ್ಲ.”

“ಸೊನ್ನೆ ಮಾರ್ಕು” ಎಂದರು ಟೀಚರಮ್ಮ. “ಮತ್ತೆ ಬರಿ.”

ದೊಡ್ಡಪ್ಪ ಆ ಸಣ್ಣ ಚಕ್ರದ ನಟ್ಟನ್ನು ಕಾಲು ಸುತ್ತು ಬಿಗಿ ಮಾಡಿದರು. ಕುರ್ಚಿ ಗೋಡೆಗೆ ಹೋಯಿತು. ಗೋಡೆ ಹಿಡಿದು ಎದ್ದು, ಹಿಂದೆ ನಡೆದು, ಮತ್ತೆ ಕೂತು, ಇನ್ನಷ್ಟು ಬಿಗಿ ಮಾಡಿದರು. ಐದನೆಯ ಸಲ ಟೀಚರಮ್ಮ ನೇರ ಹೋದರು. ಹೋದವರು ತಿರುಗಿ ನೋಡಲಿಲ್ಲ. ಕೊನೆಯ ಕೋಣೆಯಿಂದ ಅವರ ದನಿ ಬಂತು: “ಅಯ್ಯೋ, ಏನೇ ಇದು, ತಲೆಯೋ ಹಕ್ಕಿ ಗೂಡೋ!”

ದೊಡ್ಡಪ್ಪ ಜೇಬಿನ ಕೀಲಿಯನ್ನು ಮುಟ್ಟಿ ನೋಡಿಕೊಂಡರು. ಪಡಸಾಲೆಯಲ್ಲಿ ಇನ್ನೂ ಹನ್ನೊಂದು ಜನ ಅವರತ್ತಲೇ ನೋಡುತ್ತ ಕೂತಿದ್ದರು. ನಿಟ್ಟುಸಿರು ಬಿಟ್ಟು ಹತ್ತಿರದ ಅಜ್ಜನ ಬಳಿಗೆ ಹೋದರು.

“ಯಜಮಾನ್ರೇ, ನಿಮ್ಮದು ಮೊದಲು ಯಾವ ಕಡೆ ಎಳೀತಿತ್ತು?”

“ಈಗ ಕೇಳ್ತಿದ್ದೀಯಲ್ಲಪ್ಪ” ಎಂದರು ಅಜ್ಜ.

ಸಂಜೆ ಮನೆಗೆ ಬಂದಾಗ ದೊಡ್ಡಮ್ಮ ಕೇಳಿದರು: “ಕೀಲಿ ಕೊಟ್ಟು ಬಂದ್ರಾ?”

“ಇಲ್ಲ ಕಣೆ. ಇನ್ನೂ ಏಳು ಕುರ್ಚಿ ಕೆಡಿಸೋದಿದೆ” ಎಂದು ದೊಡ್ಡಪ್ಪ ಮಂಡಿ ಹಿಡಿದುಕೊಂಡು ಹೊಸ್ತಿಲ ಮೇಲೆಯೇ ಕೂತರು. ಒಳಗೆ ನಲ್ಲಿ ಸೋರುತ್ತಲೇ ಇತ್ತು.