ಕೊಸರಿಗೆ ಹಾಕಿದ ಎಕೋ

ತುಮಕೂರಿನ ಚಿಕ್ಕಪೇಟೆ ಇನ್ನೂ ಕಣ್ಣುಜ್ಜಿಕೊಳ್ಳುತ್ತಿರುವ ಹೊತ್ತು. ಹಾಲಿನವನ ಸೈಕಲ್ಲು ಬಿಟ್ಟರೆ ಬೀದಿಯಲ್ಲಿ ಸದ್ದಿಲ್ಲ. ಶ್ರೀ ಮೃತ್ಯುಂಜಯ ರೆಕಾರ್ಡಿಂಗ್ ಸೆಂಟರಿನ ಬಾಗಿಲು ಮಾತ್ರ ಆಗಲೇ ಅರ್ಧ ತೆರೆದಿದೆ. ಒಳಗೆ ಹಣೆ ತುಂಬ ವಿಭೂತಿ ಧರಿಸಿದ ಸಿದ್ದಗಂಗಮ್ಮ ಹತ್ತಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ, ಸಾಲಾಗಿ ಜೋಡಿಸಿಟ್ಟ ಟೇಪ್ ಡೆಕ್ಕುಗಳ ಹೆಡ್ಡನ್ನು ಒಂದೊಂದಾಗಿ ಒರೆಸುತ್ತಿದ್ದಾರೆ. ಒರೆಸಿ ಮುಗಿದ ಮೇಲೆ ಹೆಡ್‌ಫೋನು ಕಿವಿಗೇರುತ್ತದೆ. ಒಂದು ಡೆಕ್ಕಿನಲ್ಲಿ ಮಾಸ್ಟರ್ ಕ್ಯಾಸೆಟ್ಟು ತಿರುಗುತ್ತದೆ, ಮಿಕ್ಕವುಗಳಲ್ಲಿ ಖಾಲಿ ಕ್ಯಾಸೆಟ್ಟುಗಳು ಅದನ್ನು ಕುಡಿಯುತ್ತವೆ.

ಇಷ್ಟು ಬೆಳಗ್ಗೆ ಯಾಕೆ ಎಂದು ಕೇಳಿದರೆ ಹೆಡ್‌ಫೋನಿನ ಒಂದು ಕಿವಿಯನ್ನಷ್ಟೇ ಸರಿಸುತ್ತಾರೆ. "ಏಳು ಗಂಟೆ ಆದ್ಮೇಲೆ ಮಿಲ್ಲು ಗಿಲ್ಲು ಎಲ್ಲ ಶುರುವಾಯ್ತವೆ, ಕರೆಂಟು ಇಳ್ದೋಯ್ತದೆ. ವೋಲ್ಟೇಜ್ ಬಿದ್ರೆ ಟೇಪು ನಿಧಾನ. ಹಾಡೋರಿಗೆಲ್ಲ ನೆಗಡಿ ಬಂದಂಗೆ ಕೇಳುಸ್ತದೆ. ಅದ್ಕೇ ಬಿಸ್ಲು ಬರೋದ್ರೊಳ್ಗೆ ಒಳ್ಳೇ ಕೆಲ್ಸ ಮುಗ್ಸ್ಕಂಡ್ಬುಡ್ತೀನಿ." ಇಂದಿನ ಒಳ್ಳೇ ಕೆಲಸ ಯಡಿಯೂರಿನ ದೇವಸ್ಥಾನದ ಮುಂದಿನ ಅಂಗಡಿಗಳಿಗೆ ಹೋಗಬೇಕಾದ ಭಜನೆಯ ಕ್ಯಾಸೆಟ್ಟುಗಳು. ಕರೆಂಟಿನ ದಯೆ ಇದ್ದರೆ ದಿನಕ್ಕೆ ಐವತ್ತು ಅರವತ್ತು ಕಾಪಿ ಇಳಿಯುತ್ತವೆ. ಕ್ಯಾಸೆಟ್ಟಿನ ಮೇಲೆ ಹಾಡಿದವರ ಹೆಸರಿರುತ್ತದೆ, ಬಾರಿಸಿದವರ ಹೆಸರಿರುತ್ತದೆ, ಅಂಗಡಿಯ ಮಾಲೀಕ ಚನ್ನಬಸವಯ್ಯನವರ ಫೋಟೋವೇ ಇರುತ್ತದೆ. ಇಳಿಸಿದವರನ್ನು ಯಾರು ಕೇಳುತ್ತಾರೆ?

ಸಿದ್ದಗಂಗಮ್ಮ ಯಡಿಯೂರಿನ ಆಸುಪಾಸಿನ ಹಳ್ಳಿಯವರು. ಹತ್ತು ವರ್ಷದ ಹಿಂದೆ ಈ ಅಂಗಡಿಗೆ ಕಾಲಿಟ್ಟದ್ದು ಹಾಡಲಿಕ್ಕೆ, ಭಜನಾ ಮಂಡಳಿಯ ಹಿಂದಿನ ಸಾಲಿನ ದನಿಯಾಗಿ. ಆಮೇಲೆ ಗಂಟಲಿಗೊಂದು ಆಪರೇಷನ್ ಆಗಿ ಮೇಲಿನ ಸ್ವರವೆಲ್ಲ ಒಡೆದುಹೋಯಿತು. ಮನೆಗೆ ಹೋಗಿ ಕೂರುತ್ತೇನೆ ಎಂದವರನ್ನು ಚನ್ನಬಸವಯ್ಯನವರೇ ತಡೆದರಂತೆ. "ಕಂಠ ಹೋದ್ರೆ ಹೋಗ್ಲಿ, ಕಿವಿ ಅದಲ್ಲಮ್ಮ, ಅದ್ನ ಕೊಡು ಅಂದ್ರು," ಎಂದು ನಗುತ್ತಾರೆ. ಗಂಡ ಬಸ್ ಡಿಪೋದಲ್ಲಿ ಟೈರಿನ ಕೆಲಸದಲ್ಲಿದ್ದಾರೆ. ಹೆಂಡತಿ ದಿನವೆಲ್ಲ ಕಿವಿ ಮುಚ್ಚಿಕೊಂಡಿರುವುದರಿಂದಲೇ ಸಂಸಾರ ಸುಸೂತ್ರವಾಗಿದೆ ಎನ್ನುವುದು ಅವರ ಮಾಮೂಲಿ ತಮಾಷೆ.

ಈ ಕಸುಬಿನಲ್ಲಿ ಎಲ್ಲಕ್ಕಿಂತ ದೊಡ್ಡ ವಸ್ತು ಎಕೋ ಪೆಟ್ಟಿಗೆ. ಹಾಡಿದ ಮಾತನ್ನು ಅದು ಹಿಂದಿನಿಂದ ಇನ್ನೊಮ್ಮೆ ಮೆಲ್ಲಗೆ ಅನ್ನುತ್ತದೆ, ಕೇಳುವವರಿಗೆ ಕಲ್ಲಿನ ಗುಡಿಯೊಳಗೆ ಕೂತು ಹಾಡಿದ ಹಾಗಿರುತ್ತದೆ. ಎಕೋ ಇಲ್ಲದ ದೇವರ ಹಾಡು ನಮ್ಮ ಸೀಮೆಯವರಿಗೆ ಉಪ್ಪಿಲ್ಲದ ಸಾರು. ಬೇಕಾದ ಗಿರಾಕಿ ಬಂದರೆ ಅವರು ಕೇಳದಿದ್ದರೂ ಸಿದ್ದಗಂಗಮ್ಮ ಆ ತಿರುಪನ್ನು ಒಂದಿಷ್ಟು ಹೆಚ್ಚಿಗೆ ತಿರುಗಿಸುತ್ತಿದ್ದರು. ಸೊಪ್ಪಿನವಳು ಕಟ್ಟಿನ ಮೇಲೆ ಕೊಸರು ಅಂತ ನಾಲ್ಕು ಕಡ್ಡಿ ಇಡುವುದಿಲ್ಲವೇ, ಇದೂ ಹಾಗೆ. ಆ ಕೊಸರೇ ಮೂರು ವರ್ಷದಿಂದ ಅವರ ನಿದ್ದೆ ಕೆಡಿಸಿರುವುದು.

ಎಂಬತ್ತಾರನೆಯ ಇಸವಿಯ ಮಾತು. ಸತ್ಯಮಂಗಲದ ಕೈಗಾರಿಕಾ ಪ್ರದೇಶದಲ್ಲಿ ಒಂದು ಸಣ್ಣ ಕಾರ್ಖಾನೆ ಮನೆಗೆ ಹಾಕಿಕೊಳ್ಳುವ ಕಂಪ್ಯೂಟರು ಜೋಡಿಸುತ್ತಿತ್ತು. ಹೆಸರು ದೊಡ್ಡದು, ವಸ್ತು ಒಂದು ಟಿಫನ್ ಕ್ಯಾರಿಯರಿನಷ್ಟು. ಅದನ್ನು ಟಿವಿಗೆ ಸಿಕ್ಕಿಸಬೇಕು, ಪಕ್ಕದಲ್ಲೊಂದು ಟೇಪ್ ರೆಕಾರ್ಡರ್ ಇಡಬೇಕು. ಆಟವೆಲ್ಲ ಕ್ಯಾಸೆಟ್ಟಿನಲ್ಲಿರುತ್ತದೆ. ಕ್ಯಾಸೆಟ್ಟು ಕಿರುಚುತ್ತ ಹೋದ ಹಾಗೆ ಮಿಷಿನ್ನು ಅದನ್ನು ಕೇಳಿಸಿಕೊಂಡು, ಆಮೇಲೆ ಪರದೆಯ ಮೇಲೆ ಆಟ ತೋರಿಸುತ್ತದೆ. ಬಸ್ ಸ್ಟ್ಯಾಂಡಿನ ಬಳಿಯ ವಿಡಿಯೋ ಗೇಮ್ ಪೆಟ್ಟಿಗೆಯ ಮುಂದೆ ಕ್ಯೂ ನಿಲ್ಲುತ್ತಿದ್ದ ಊರಿಗೆ, ಅದು ಮನೆಯೊಳಗೇ ಬರುತ್ತದೆ ಎನ್ನುವುದೇ ಒಂದು ಪವಾಡವಾಗಿತ್ತು.

ಆ ಕಾರ್ಖಾನೆಯಲ್ಲಿ ಬೆಸುಗೆ ಹಾಕುತ್ತಿದ್ದ ಯೋಗನರಸಿಂಹ ಎಂಬ ತರುಣ ಕೆಲಸ ಮುಗಿದ ಮೇಲೆ ಅಲ್ಲೇ ಕೂತು ತಾನೇ ಒಂದು ಆಟ ಬರೆದ. ಮಾರ್ಕೋನಹಳ್ಳಿ ನಾಲೆಯ ಕೆಳಗಿನ ಊರಿನವನು, ಬೇರೆ ಏನು ತಾನೆ ಬರೆದಾನು? ಆಟದ ಹೆಸರು 'ತೂಬು'. ಮೇಲಿನಿಂದ ಮಳೆ ಸುರಿಯುತ್ತದೆ, ಕಟ್ಟೆ ತುಂಬುತ್ತದೆ, ಉಕ್ಕಿ ಹರಿಯುವ ಮೊದಲು ಸರಿಯಾದ ತೂಬನ್ನು ಎತ್ತಬೇಕು. ಕಾರ್ಖಾನೆಯವರಿಗೆ ಹಿಡಿಸಿತು. ಮಿಷಿನ್ನಿನ ಜೊತೆ ಈ ಕ್ಯಾಸೆಟ್ಟನ್ನೂ ಕೊಡೋಣ ಎಂದರು. ಕಾಪಿ ಇಳಿಸಲು ಯೋಗನರಸಿಂಹ ಚಿಕ್ಕಪೇಟೆಗೆ ಬಂದ.

"ಮೊದ್ಲು ಕೇಳ್ದಾಗ ಎದೆ ಧಸಕ್ಕಂತು," ಎಂದು ಸಿದ್ದಗಂಗಮ್ಮ ನೆನೆಯುತ್ತಾರೆ. "ಹೆಂಚಿನ ಮೇಲೆ ಸೌಟು ಕೆರ್ದಂಗೆ ಕರ್ರ್ ಅಂತ ಒಂದೇ ಸಮ. ಕ್ಯಾಸೆಟ್ ಕೊಳ್ತೋಗದೆ ಕಣಪ್ಪ ಅಂದೆ. ಆ ಹುಡ್ಗ ಬಿದ್ದೂ ಬಿದ್ದೂ ನಕ್ಕ. ಇದೇ ಆಟ ಕಣಮ್ಮ, ಇದ್ರೊಳ್ಗೆ ಮಳೆ ಅದೆ, ಕಟ್ಟೆ ಅದೆ ಅಂದ. ನಾನು ಹೂಂ ಅಂದೆ. ಅರ್ಥ ಆಗಿದ್ದು ಅಷ್ಟ್ರಲ್ಲೇ ಅದೆ."

ಮೊದಲ ಸಲ ಸ್ವಲ್ಪವೇ ಕಾಪಿ. ಯೋಗನರಸಿಂಹ ಪಕ್ಕದಲ್ಲೇ ನಿಂತಿದ್ದ. ಎಕೋ ಹಾಕಲೇ ಎಂದು ಕೇಳಿದ್ದಕ್ಕೆ "ಅಯ್ಯೋ, ಏನೂ ಬ್ಯಾಡಮ್ಮ, ಹೆಂಗದೆಯೋ ಹಂಗೇ ಇಳ್ಸಿ," ಎಂದ. ಹಾಗೆಯೇ ಇಳಿಸಿದರು. ಎಲ್ಲ ಚೆನ್ನಾಗಿ ಓಡಿದವು. ಆಮೇಲೆ ಅವನು ಬಂದಾಗಲೆಲ್ಲ ಕೂತು ಮಾತಾಡಿಕೊಂಡು ಹೋಗುತ್ತಿದ್ದ, ಅವರ ಕೈಗುಣ ಹೊಗಳುತ್ತಿದ್ದ. ಹತ್ತು ವರ್ಷದಲ್ಲಿ ಅವರ ಕೆಲಸವನ್ನು ಹೊಗಳಿದ ಗಿರಾಕಿ ಅವನೊಬ್ಬನೇ.

ದಸರಾ ಮಾರಾಟ ಹತ್ತಿರ ಬಂತು. ಯೋಗನರಸಿಂಹ ಆಟಕ್ಕೆ ಎರಡನೇ ಹಂತ ಸೇರಿಸಿದ್ದ. ಕಟ್ಟೆಯಿಂದ ಬಿಟ್ಟ ನೀರನ್ನು ಈಗ ಕಾಲುವೆಯಲ್ಲಿ ಹರಿಸಿ ಗದ್ದೆಗೆ ಮುಟ್ಟಿಸಬೇಕು. ಹೊಸ ಮಾಸ್ಟರನ್ನು ಕೊಟ್ಟು, ಕಾರ್ಖಾನೆಯಲ್ಲಿ ಕೈತುಂಬ ಕೆಲಸವೆಂದು ಓಡಿದ. ಇಷ್ಟು ದೊಡ್ಡ ಆರ್ಡರು, ಅದೂ ಹಬ್ಬಕ್ಕೆ, ಅದೂ ಅಕ್ಕರೆಯ ಹುಡುಗನದು. ಅಂದು ಅವನು ಬೇಡ ಎಂದದ್ದು ಸಂಕೋಚಕ್ಕೆ ಎಂದೇ ಸಿದ್ದಗಂಗಮ್ಮ ತಿಳಿದಿದ್ದರು. ಎಲೆಯ ಮುಂದೆ ಕೂತವರು ಸಾಕು ಸಾಕು ಎಂದು ಕೈ ಅಡ್ಡ ಹಿಡಿದರೆ ಅದೇ ಕೈಯ ಸಂದಿಯಲ್ಲಿ ಇನ್ನೊಂದು ಸೌಟು ಬಡಿಸುವ ನಾಡು ನಮ್ಮದು. ಬೇಡ ಎನ್ನುವುದನ್ನು ಬೇಡ ಎಂದೇ ತಿಳಿಯುವವರನ್ನು ನಾವು ಜಿಪುಣರೆನ್ನುತ್ತೇವೆ. ಸಿದ್ದಗಂಗಮ್ಮ ಕೈಚಾಚಿ ಎಕೋ ತಿರುಪನ್ನು ಒಂಚೂರು, ಒಂದೇ ಒಂಚೂರು ತಿರುಗಿಸಿದರು.

"ಚೆಂದಾಗಿ ಬರ್ಲಿ ಅಂತ ಕಣಪ್ಪ," ಎನ್ನುತ್ತಾರೆ. "ಕೇಳೋರು ಮನುಷ್ರು ಅನ್ಕಂಡಿದ್ದೆ. ಕೇಳೋದು ಮಿಷಿನ್ನು ಅಂತ ನನ್ಗೆಲ್ಲಿ ಗೊತ್ತಿತ್ತು?"

ಮನುಷ್ಯನ ಕಿವಿಗೆ ಇಂಪಾದದ್ದು ಮಿಷಿನ್ನಿಗೆ ಗೊಂದಲ. ಅಗ್ಗದ ಮಿಷಿನ್ನು ಅದು, ತಪ್ಪು ಕೇಳಿಸಿತೆಂದು ಹೇಳುವ ಬುದ್ಧಿಯೂ ಅದಕ್ಕಿರಲಿಲ್ಲ. ಬಂದದ್ದನ್ನೆಲ್ಲ ನುಂಗಿ, ಆಟದ ನಡುವೆ ಎಡವುತ್ತಿತ್ತು. ಮೊದಲ ಹಂತ ಹೇಗೋ ಕುಂಟಿಕೊಂಡು ಮುಗಿದರೆ, ಎರಡನೆಯದು ಶುರುವಾಗುತ್ತಲೇ ಪರದೆ ಅಲುಗಾಡದೆ ನಿಂತುಬಿಡುತ್ತಿತ್ತು. ಹಬ್ಬ ಕಳೆಯುತ್ತಲೇ ಜನ ಮಿಷಿನ್ನನ್ನೇ ಕೆಟ್ಟದ್ದೆಂದು ಕಾರ್ಖಾನೆಗೆ ಹೊತ್ತು ತಂದರು. ಮ್ಯಾನೇಜರು ಯೋಗನರಸಿಂಹನನ್ನು ಕರೆದು, ನಿನ್ನ ಹಾಳು ಪ್ರೋಗ್ರಾಮಿನಿಂದ ನಮ್ಮ ಮಾಲಿನ ಮಾನ ಹೋಯಿತು ಎಂದರು. ಇನ್ನು ಮೇಲೆ ಮಿಷಿನ್ನು ಮುಟ್ಟಕೂಡದು ಎಂದೂ ಹೇಳಿದರು. ಎಲ್ಲಿ ತಪ್ಪಿತೆಂದು ಹಾಕಿ ನೋಡಲು ಅವನಿಗೆ ಬೇರೆ ಮಿಷಿನ್ನು ಇರಲಿಲ್ಲ. ಕೆಲವೇ ವಾರಗಳಲ್ಲಿ ಕೆಲಸ ಬಿಟ್ಟು ಗುಬ್ಬಿಯ ಅಕ್ಕನ ಮನೆಗೆ ಹೋದನೆಂದು ಚಿಕ್ಕಪೇಟೆಗೆ ಸುದ್ದಿ ಬಂತು. ಪಾಪ, ಹುಡುಗ ಏನೋ ಎಡವಟ್ಟು ಮಾಡಿಕೊಂಡ ಎಂದು ಸಿದ್ದಗಂಗಮ್ಮನೂ ಮರುಗಿದರು.

ವರ್ಷ ಕಳೆದ ಮೇಲೆ ಕುಣಿಗಲ್ಲಿನ ಬಟ್ಟೆ ವ್ಯಾಪಾರಿ ಮಹಾದೇವಯ್ಯ ಕ್ಯಾಸೆಟ್ಟಿನ ಮೇಲಿನ ವಿಳಾಸ ನೋಡಿಕೊಂಡು ಅಂಗಡಿಗೆ ಬಂದರು. ಅವರ ಮಗಳು ಉಮಾಮಹೇಶ್ವರಿಗೆ 'ತೂಬು' ಎಂದರೆ ಪ್ರಾಣ, ಆದರೆ ಎರಡನೇ ಹಂತ ತೆರೆಯುವುದಿಲ್ಲ, ಇನ್ನೊಂದು ಕಾಪಿ ಇದ್ದರೆ ಕೊಡಿ ಎಂದರು. ಮಾಸ್ಟರು ಬೀರುವಿನಲ್ಲೇ ಇತ್ತು. ಆ ದಿನ ಎಕೋ ಪೆಟ್ಟಿಗೆ ರಿಪೇರಿಗೆಂದು ಬೆಂಗಳೂರಿಗೆ ಹೋಗಿದ್ದರಿಂದ ಸಿದ್ದಗಂಗಮ್ಮ ಹಾಗೆಯೇ ಬರಿದಾಗಿ ಇಳಿಸಿ ಕೊಟ್ಟರು. ಮುಂದಿನ ವಾರ ಮಹಾದೇವಯ್ಯ ಬಾಳೆಹಣ್ಣಿನ ಚಿಪ್ಪು ಹಿಡಿದು ಬಂದರು.

"ಏನ್ ಮಾಡುದ್ರಮ್ಮ? ಈಗ ಫಸ್ಟ್ ಕ್ಲಾಸಾಗಿ ಓಡ್ತದೆ! ಕೊನೇಲಿ ನಿಮ್ಮೆಸ್ರೂ ಬತ್ತದೆ," ಎಂದರು.

ಏನೂ ಮಾಡಿರಲಿಲ್ಲ. ಯಾವಾಗಲೂ ಮಾಡುವ ಒಂದು ಕೆಲಸವನ್ನು ಮಾಡಿರಲಿಲ್ಲ, ಅಷ್ಟೇ. ಬಾಳೆಹಣ್ಣನ್ನು ಕೈಯಲ್ಲಿ ಹಿಡಿದುಕೊಂಡೇ ಸಿದ್ದಗಂಗಮ್ಮನಿಗೆ ಎಲ್ಲ ಅರ್ಥವಾಗಿಹೋಯಿತು. ಭಾನುವಾರ ಬಸ್ಸು ಹತ್ತಿ ಕುಣಿಗಲ್ಲಿಗೆ ಹೋದರು. ತಾವು ಅಷ್ಟು ಕಾಪಿ ಇಳಿಸಿದ ಆಟವನ್ನು ಕಣ್ಣಿಂದ ನೋಡಿದ್ದು ಅವತ್ತೇ ಮೊದಲು. ಉಮಾಮಹೇಶ್ವರಿ ಪಟಪಟನೆ ಕೀಲಿ ಒತ್ತಿದಳು. ಮಳೆ ಸುರಿಯಿತು, ತೂಬು ಎದ್ದಿತು, ನೀರು ಕಾಲುವೆಯಲ್ಲಿ ಓಡಿ ಗದ್ದೆ ಸೇರಿತು, ಹಸಿರಾದ ಗದ್ದೆಯ ಮೇಲೆ ಒಂದು ಬೆಳ್ಳಕ್ಕಿ ಬಂದು ಕೂತಿತು. ಅದರ ಕೆಳಗೆ ಇಂಗ್ಲಿಷ್ ಅಕ್ಷರದಲ್ಲಿ ಸಾಲೊಂದು ಬಂತು. ಮಹಾದೇವಯ್ಯ ಓದಿ ಹೇಳಿದರು: ಆಟ ಯೋಗನರಸಿಂಹ, ಕ್ಯಾಸೆಟ್ಟು ಸಿದ್ದಗಂಗಮ್ಮ.

ಎಲ್ಲೂ ಹೆಸರಿಲ್ಲದವರಿಗೆ ಅವನು ಹೆಸರು ಬರೆದಿದ್ದ. ಅವರ ಕೊಸರು ಆ ಹೆಸರು ಯಾರಿಗೂ ಕಾಣದಂತೆ ಮಾಡಿತ್ತು.

ಮಾಲೀಕರಿಗೆ ಹೇಳಿದರು. ಚನ್ನಬಸವಯ್ಯ ಕೆಟ್ಟವರಲ್ಲ, ಅಂಗಡಿ ಇಟ್ಟವರು. "ಕೋಟೆ ಕೊಳ್ಳೆ ಹೋದ್ಮೇಲೆ ದಿಡ್ಡಿ ಬಾಗ್ಲು ಯಾಕಮ್ಮ ಹಾಕ್ತೀಯಾ? ಅವ್ನು ಕಾರ್ಖಾನೆ ಬುಟ್ಟಾಯ್ತು. ಈಗ ಹೇಳುದ್ರೆ ಅಂಗ್ಡಿ ಹೆಸ್ರೂ ಹೋಯ್ತದೆ. ಸುಮ್ಕಿರು," ಎಂದರು. ಸಿದ್ದಗಂಗಮ್ಮ ಸುಮ್ಮನಿದ್ದರು. ಸುಮ್ಮನಿದ್ದದ್ದು ಅನ್ನದ ಭಯಕ್ಕೋ, ನಾಚಿಕೆಗೋ ಅವರಿಗೇ ತಿಳಿಯದು.

ಒಮ್ಮೆ ಮಾತ್ರ ತಡೆಯಲಾರದೆ, ಅಂಗಡಿಯ ಸುಟ್ಟ ಫ್ಯಾನೊಂದನ್ನು ನೆಪಕ್ಕೆ ಕಟ್ಟಿಕೊಂಡು ಗುಬ್ಬಿಗೆ ಹೋದರು. ಯೋಗನರಸಿಂಹ ಈಗ ಅಲ್ಲಿ ಫ್ಯಾನು, ಪಂಪ್‌ಸೆಟ್ಟುಗಳ ಕಾಯಿಲ್ ಸುತ್ತುತ್ತಾನೆ. ಗುರುತು ಹಿಡಿದು ಸ್ಟೂಲು ಒರೆಸಿ ಕೂರಿಸಿದ. ಹೇಳಬೇಕೆಂದು ಇವರು ಬಾಯಿ ತೆರೆಯುವಷ್ಟರಲ್ಲಿ ಅವನೇ ಶುರುಮಾಡಿದ. "ನನ್ನಿಂದ ನಿಮ್ಗೂ ಕೆಟ್ಟೆಸ್ರು ಬಂತೇನೋ ಅಮ್ಮ. ಎರಡ್ನೇ ಹಂತಾನ ಆತುರದಲ್ಲಿ ಬರ್ದು ಕೆಡುಸ್ಬುಟ್ಟೆ. ನನ್ಗೆ ಅಷ್ಟು ತಲೆ ಇರ್ಲಿಲ್ಲ ಬುಡಿ, ಇದೇ ಸರಿ ನನ್ಗೆ," ಎಂದು ಕೈಯಲ್ಲಿದ್ದ ತಾಮ್ರದ ತಂತಿ ತೋರಿಸಿ ನಕ್ಕ.

"ಅವ್ನೇ ನನ್ನತ್ರ ತಪ್ಪಾಯ್ತು ಅಂದ," ಎನ್ನುತ್ತಾರೆ ಸಿದ್ದಗಂಗಮ್ಮ. "ನನ್ನ ನಾಲ್ಗೆ ಏಳ್ಲಿಲ್ಲ ಕಣಪ್ಪ. ರಿಪೇರಿ ಮಾಡ್ಕೊಟ್ಟ ಫ್ಯಾನ್ ತಗಂಡು ಕಳ್ಳಿ ಥರ ಬಸ್ಸತ್ತಿದೆ. ಒಂದು ಆಟ ಹೋಯ್ತಲ್ಲ ಅಂತಲ್ಲ, ಅಂಥವು ಇನ್ನೆಷ್ಟು ಬರೀತಿದ್ನೋ. ನನ್ಗೆ ತಲೆ ಇಲ್ಲ ಅನ್ಕಂಡು ಕೂತವ್ನಲ್ಲ, ಅದು ಸುಡ್ತದೆ."

ಬಿಸಿಲು ಬೀದಿಗಿಳಿದಿದೆ. ಡೆಕ್ಕುಗಳು ಒಂದಾದ ಮೇಲೊಂದು ಟಕ್ಕೆಂದು ನಿಲ್ಲುತ್ತವೆ. ಯಡಿಯೂರಿನ ಕ್ಯಾಸೆಟ್ಟುಗಳನ್ನು ತೆಗೆದು ಒಂದೊಂದನ್ನೂ ಸ್ವಲ್ಪ ಸ್ವಲ್ಪ ಕೇಳಿ, ಚೊಕ್ಕವಾಗಿವೆ ಎಂದು ತಲೆಯಾಡಿಸಿ ಪೆಟ್ಟಿಗೆಗೆ ಜೋಡಿಸುತ್ತಾರೆ. ಈಗ ಎಕೋ ಹಾಕುವ ಮೊದಲು ಗಿರಾಕಿಯನ್ನು ಎರಡೆರಡು ಸಲ ಕೇಳುತ್ತಾರೆ, ಬೇಡ ಎಂದರೆ ಕೈ ಹಿಂದಕ್ಕೆಳೆದುಕೊಳ್ಳುತ್ತಾರೆ. ಈ ಅಮ್ಮ ಈಚೆಗೆ ಬಿಗಿಯಾಗಿಬಿಟ್ಟಳು ಎಂದು ಭಜನೆಯವರು ಗೊಣಗುವುದೂ ಉಂಟು.

ಇಷ್ಟೆಲ್ಲ ಪತ್ರಿಕೆಯಲ್ಲಿ ಬಂದರೆ ತೊಂದರೆಯಾಗದೇ, ಮಾಲೀಕರು ಏನೆಂದಾರು, ಹೆಸರು ಬದಲಿಸೋಣವೇ ಎಂದು ಕೇಳಿದರೆ ಸಿದ್ದಗಂಗಮ್ಮ ಹೆಡ್‌ಫೋನನ್ನು ಪೂರ್ತಿ ತೆಗೆದು ಮಡಿಲಲ್ಲಿಟ್ಟುಕೊಳ್ಳುತ್ತಾರೆ. ನಿಮಗೆ ಇದ್ದದ್ದನ್ನೆಲ್ಲ ಹೇಳಿದ್ದು ಯಾಕೆ ಅಂದುಕೊಂಡಿರಿ ಎನ್ನುವಂತೆ ನೋಡುತ್ತಾರೆ.

"ಹೆಸ್ರು ಬದ್ಲಾಯಿಸ್ಬ್ಯಾಡಿ, ಬದ್ಲಾಯಿಸುದ್ರೆ ಅವ್ನಿಗೆಂಗೆ ಗೊತ್ತಾಯ್ತದೆ? ಅವ್ನ ಅಂಗ್ಡೀಲಿ ನಿಮ್ ಪೇಪರ್ ನೋಡಿದೀನಿ. ಅಯ್ನೋರು ಬಯ್ದ್ರೆ ಬಯ್ಕೊಳ್ಳಿ, ಕೆಲ್ಸ ಹೋದ್ರೆ ಹೋಗ್ಲಿ. ನನ್ ವಿಷ್ಯ ಎಷ್ಟು ಬೇಕಾದ್ರೂ ಕತ್ತರಿಸ್ಕಳ್ಳಿ. ಯೋಗನರಸಿಂಹ ಬರ್ದಿದ್ದು ಸರಿಯಾಗೇ ಇತ್ತು, ಕೆಡ್ಸಿದ್ದು ನಾನು. ಅದೊಂದ್ ಮಾತ್ರ ಬುಡ್ಬ್ಯಾಡಿ."