ಲ್ಯಾಬಿನಲ್ಲಿ ತ್ರೀ ಫೇಸ್ ಕಾದವರು

ಕೇಳಿರಿ ಸ್ನೇಹಿತರೇ, ಇವತ್ತು ಲ್ಯಾಬ್ ಟೆಸ್ಟಿನಲ್ಲಿ ನಡೆದ ಘೋರವನ್ನು! ಊರ ನಾಟಕದಲ್ಲಿ ಗದೆ ಎತ್ತಿದ ಈ ಕೈಗೆ ಸಿಕ್ಕಿದ್ದು ಅಕ್ಕಿಕಾಳಿನಷ್ಟು ದೊಡ್ಡ ಒಂದು ರೆಸಿಸ್ಟರ್. ಫೇಲಾದರೆ ಸೆಮಿಸ್ಟರ್ ಪರೀಕ್ಷೆಗೇ ಕೂರಿಸುವುದಿಲ್ಲ. ವೈರುಗಳನ್ನೆಲ್ಲ ಜೋಡಿಸಿ ಪವರ್ ಸಪ್ಲೈ ಆನ್ ಮಾಡಿದರೆ, ಆಮ್ಮೀಟರಿನ ಮುಳ್ಳು ಸೊನ್ನೆ ಬಿಟ್ಟು ಕದಲಲಿಲ್ಲ.

"ತ್ರೀ ಫೇಸ್ ಹೋಗೈತೆ, ಸುಮ್ನಿರ್ಲಾ, ಬರ್ತದೆ" ಎಂದ ಜೊತೆಗಾರ, ರಾಯಲ್ಪಾಡಿನ ಮಂಜ. ನಮ್ಮಿಬ್ಬರ ತೋಟದಲ್ಲೂ ಹಾಗೇ. ಮನೆಯಲ್ಲಿ ಫ್ಯಾನ್ ತಿರುಗುತ್ತಿದ್ದರೂ ತ್ರೀ ಫೇಸ್ ಬರುವವರೆಗೆ ಬೋರ್‌ವೆಲ್ ಮೋಟರ್ ಓಡುವುದಿಲ್ಲ. ಕೈಕಟ್ಟಿ ಕಾದೆವು. ಗಡಿಯಾರ ಮಾತ್ರ ಓಡಿತು.

ಮೇಡಂ ಬಂದರು. "ಏನ್ರಪ್ಪಾ, ಯಾಕೆ ಕೂತಿದ್ದೀರಾ?"

"ತ್ರೀ ಫೇಸ್ ಬರ್ಲಿ ಅಂತ ಮೇಡಂ!" ನನ್ನ ಕಂಠ ಇಡೀ ಲ್ಯಾಬಿಗೆ ಕೇಳಿಸಿತು.

"ಹನ್ನೆರಡು ವೋಲ್ಟಿಗಾ? ಇದೇನು ಬೋರ್‌ವೆಲ್ಲಾ?" ಎನ್ನುತ್ತ ಅವರು, ಸೊನ್ನೆಯಲ್ಲೇ ಇದ್ದ ವೋಲ್ಟೇಜ್ ನಾಬ್ ತಿರುಗಿಸಿದರು. ಮುಳ್ಳು ಎದ್ದಿತು! ಹತ್ತು ರೀಡಿಂಗಿನಲ್ಲಿ ನಾಲ್ಕು ಬರೆಯುವಷ್ಟರಲ್ಲಿ ಬೆಲ್ಲೂ ಹೊಡೆಯಿತು.

ಅಂಕ ಗೊತ್ತಾಗುವುದು ನಾಳೆ. ಈಗಷ್ಟೇ ಅಪ್ಪನ ಫೋನ್ ಬಂತು. "ಟೆಸ್ಟ್ ಹೆಂಗಾಯ್ತಪ್ಪಾ?"

"ಕರೆಂಟ್ ಲೇಟಾಗಿ ಬಂತಪ್ಪಾ" ಎಂದೆ.

"ಅಲ್ಲೂ ಇದೇ ಗೋಳಾ?" ಎಂದವರು ಇನ್ನೂ ಕರೆಂಟಿನವರನ್ನು ಬೈಯುತ್ತಿದ್ದಾರೆ. ನಾನು ತಡೆಯಲು ಹೋಗಿಲ್ಲ.